ಪಿಟೀಲಿನ ಮೈಕ್ ಸತ್ತಿದೆ

ನಮ್ಮ ದೊಡ್ಡಪ್ಪ ಟಿವಿ ನೋಡುವುದು ಬೀದಿಯಲ್ಲಿ ನಿಂತುಕೊಂಡು.

ಮನೆಯಲ್ಲಿ ಟಿವಿ ಇಲ್ಲವೇ? ಇದೆ. ಕೂರಲು ಕುರ್ಚಿ ಇಲ್ಲವೇ? ಎರಡಿವೆ, ಒಂದಕ್ಕೆ ದಿಂಬೂ ಇದೆ. ದೊಡ್ಡಮ್ಮ ಹೊರಗೆ ಹಾಕಿದ್ದಾರೆಯೇ? ಹಾಕಲು ಬೇಕಾದಷ್ಟು ಕಾರಣಗಳನ್ನು ದೊಡ್ಡಪ್ಪ ಕೊಟ್ಟಿದ್ದರೂ ಆಕೆ ಇನ್ನೂ ಆ ಮಟ್ಟಕ್ಕೆ ಹೋಗಿಲ್ಲ. ಯಾವುದಾದರೂ ಊರಿನ ಸಂಗೀತೋತ್ಸವ ಟಿವಿಯಲ್ಲಿ ಬಂದರೆ ಸಾಕು, ದೊಡ್ಡಪ್ಪ ಕಿಟಕಿಯ ಗಾಜು ನಡುಗುವಷ್ಟು ವಾಲ್ಯೂಮ್ ಏರಿಸುತ್ತಾರೆ. ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯ ಹಾಲಿನ ಡೈರಿಯವರೆಗೆ ನಡೆದು ಹೋಗುತ್ತಾರೆ. ಅಲ್ಲಿ ಕೈಕಟ್ಟಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಹಾಲು ತಂದವರು ಕ್ಯಾನ್ ಹಿಡಿದುಕೊಂಡು ಅವರನ್ನು ಬಳಸಿ ಹೋಗುತ್ತಾರೆ. ಗುಂಡ್ಲುಪೇಟೆಯ ಜನಕ್ಕೆ ತಾಳ್ಮೆ ಜಾಸ್ತಿ.

ಇದು ಹುಚ್ಚಲ್ಲ, ಕಸುಬು ಎಂದು ಅವರ ವಾದ. ಬಹಳ ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು ಅವರು. ಮದುವೆ, ನಾಟಕ, ಹರಿಕಥೆ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ಅವರದೇ ಹಾರ್ನು. ಆಗಲೂ ಅವರು ವೇದಿಕೆಯ ಹತ್ತಿರ ನಿಂತವರಲ್ಲ.

"ಮುಂದ್ಗಡೆ ಕೂತಿರೋನ್ಗೆ ಮೈಕ್ ಯಾಕ್ಲಾ? ಕೊನೇಲಿ ಕಡ್ಲೆಕಾಯಿ ಮಾರ್ತಾನಲ್ಲ, ಅವ್ನಿಗೆ ಕೇಳುಸ್ಬೇಕು. ಅವ್ನಿಗೆ ಕೇಳುದ್ರೆ ಊರಿಗೆಲ್ಲ ಕೇಳ್ದಂಗೆ ಕಣ್ಲಾ."

ಸರಿ, ಒಪ್ಪೋಣ. ಆದರೆ ಟಿವಿಯ ಮುಂದೆ ಕಡ್ಲೆಕಾಯಿ ಮಾರುವವನು ಎಲ್ಲಿದ್ದಾನೆ ಸ್ವಾಮಿ?

ಒಂದು ಸಂಜೆ ಊಟಿಗೆ ಹೊರಟಿದ್ದ ಕೇರಳದ ಕಾರೊಂದು ದಾರಿ ತಪ್ಪಿ ನಮ್ಮ ಬೀದಿಗೆ ನುಗ್ಗಿತು. ಕಾರಿನವನು ಗಾಜು ಇಳಿಸಿ ಮಲಯಾಳದಲ್ಲಿ ದಾರಿ ಕೇಳಿದ. ದೊಡ್ಡಪ್ಪ ಕಣ್ಣು ಬಿಡದೆ ಕೈ ಎತ್ತಿ ಸುಮ್ಮನಿರಿಸಿದರು. ಯಾರೋ ಸ್ವಾಮಿಗಳು ಜಪದಲ್ಲಿದ್ದಾರೆ ಎಂದುಕೊಂಡನೋ ಏನೋ, ಆತ ಎಂಜಿನ್ ಆರಿಸಿ ಕಾದ. ಆಲಾಪನೆ ಮುಗಿಯಿತು. ದೊಡ್ಡಪ್ಪ ಕಣ್ಣು ಬಿಟ್ಟು, ಬಾಗಿ, ಬಹಳ ಗಂಭೀರವಾಗಿ ಹೇಳಿದರು: "ಮೃದಂಗ ಜಾಸ್ತಿ ಆಗದೆ." ಹೇಳಿ ಮನೆಗೆ ಬಂದುಬಿಟ್ಟರು. ಅವನು ಊಟಿ ಸೇರಿದನೋ ಇಲ್ಲವೋ ನನಗೆ ತಿಳಿಯದು.

ಹಾಡಿದವರು ಯಾರು, ಯಾವ ರಾಗ ಎಂದು ಕೇಳಿ ನೋಡಿ. "ಯಾರೋ ಒಬ್ರು, ಶಾಲು ಹೊದ್ಕಂಡಿದ್ರು" ಎನ್ನುತ್ತಾರೆ. ಆದರೆ ಹಾಡಿದವರ ಬಾಯಿಗೂ ಮೈಕಿಗೂ ಎಷ್ಟು ಬೆರಳು ಅಂತರವಿತ್ತು, ತಂಬೂರಿಯ ಮೈಕನ್ನು ಯಾವ ಪುಣ್ಯಾತ್ಮ ನೆಲಕ್ಕೆ ಮುಖ ಮಾಡಿ ಇಟ್ಟಿದ್ದ, ಇವೆಲ್ಲ ಬಾಯಿಪಾಠ. ಎಷ್ಟು ತನಿಖೆ ನಡೆದರೂ ಕೊನೆಯ ತೀರ್ಪು ಮಾತ್ರ ಒಂದೇ. ದೊಡ್ಡಮ್ಮ ದಿಂಬಿನ ಕುರ್ಚಿಯಿಂದಲೇ ಕೇಳುತ್ತಾರೆ:

"ಯಾಕ್ರೀ, ಪಿಟೀಲು ಕೇಳ್ತಾನೆ ಇಲ್ವಲ್ಲ?"

"ಮೈಕ್ ಸತ್ತೋಗದೆ ಕಣೆ. ಈಗಿನ ಮೈಕಿನೋರ್ಗೆ ಕಸುಬು ಎಲ್ ಬತ್ತದೆ ಬುಡು."

ನನಗೆ ಪಿಟೀಲು ಚೆನ್ನಾಗಿ ಕೇಳುತ್ತಿರುತ್ತದೆ. ಎದುರು ಮನೆಯ ಮೇಷ್ಟರಿಗೆ, ಬಾಗಿಲು ಹಾಕಿ ಮಲಗಿದರೂ ಕೇಳುತ್ತದೆ. ಹಾಗೆಂದು ಅವರೇ ಬಂದು ಎರಡು ಸಲ ಹೇಳಿದ್ದಾರೆ. ದೊಡ್ಡಪ್ಪನ ಪ್ರಕಾರ ಮಾತ್ರ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಪಿಟೀಲಿನ ಮುಂದಿಟ್ಟ ಮೈಕುಗಳೆಲ್ಲ ಸಾಮೂಹಿಕವಾಗಿ ತೀರಿಕೊಂಡಿವೆ. ಮೊದಲು ಅವರು ಹೀಗಿರಲಿಲ್ಲ. ಮೂರು ವರ್ಷದ ಹಿಂದೆ ಅಂಗಡಿ ಮುಚ್ಚಿದರಲ್ಲ, ಆಮೇಲೆ ಶುರುವಾದದ್ದು. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ. ನಮ್ಮವರು ಟಿವಿಗೆ ಕೈ ಹಾಕಿದರು.

ಕೈ ಹಾಕಿದರು ಎಂದರೆ ನಿಜವಾಗಿಯೇ ಹಾಕಿದರು. ಉಮ್ಮತ್ತೂರಿನ ಬೀಗರ ಮನೆಗೆ ಹಬ್ಬದ ಊಟಕ್ಕೆ ಹೋಗಿದ್ದೆವು. ಊಟವಾದ ಮೇಲೆ ಎಲ್ಲರೂ ಸೇರಿ ಟಿವಿಯಲ್ಲಿ ಕೊಳಲು ಕಚೇರಿ ನೋಡುತ್ತಿದ್ದೆವು. "ಏನಮ್ಮಾ, ಬರೀ ಬೊಂಬೆ ಆಡ್ದಂಗೆ ಆಡ್ತಾವ್ರೆ, ಕೊಳಲೇ ಕೇಳ್ನಿಲ್ಲ" ಎಂದರು ದೊಡ್ಡಮ್ಮ. ಆ ಮನೆಯ ಸೊಸೆಯರಿಬ್ಬರು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. ನಗು ಮುಗಿಯುವಷ್ಟರಲ್ಲಿ ದೊಡ್ಡಪ್ಪ ಎದ್ದಾಗಿತ್ತು. "ನಿಮ್ ಟಿವಿ ಸ್ಪೀಕರ್ ಹರ್ದೋಗದೆ ಕಣ್ರಪ್ಪ, ಒಸಿ ತಡೀರಿ" ಎಂದವರೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಊಟಕ್ಕೆ ಕರೆದರೆ ಸ್ಕ್ರೂಡ್ರೈವರ್ ತರುವ ನೆಂಟರು ಎಷ್ಟು ಜನಕ್ಕೆ ಸಿಗುತ್ತಾರೆ? ಒಂದು ಗಂಟೆ ಬೆವರಿದರು. ಅಷ್ಟರಲ್ಲಿ ಟಿವಿಯ ಸ್ವರ ಪೂರ್ತಿ ಹೋಗಿತ್ತು. ದೊಡ್ಡಮ್ಮನ ಮಾತು ನಿಜವಾಯಿತು. ಬೀಗರು ನಮ್ಮನ್ನು ಬಸ್‌ಸ್ಟಾಂಡಿನವರೆಗೆ ಬಂದು ಕಳಿಸಿದರು, ನಾವು ಖಂಡಿತ ಹೋದೆವು ಎಂದು ಕಣ್ಣಾರೆ ಕಾಣಲಿಕ್ಕೆ ಇರಬೇಕು.

ಅವತ್ತೇ ನನಗೆ ಜ್ಞಾನೋದಯವಾಯಿತು. ಜೀವಮಾನವಿಡೀ ಹಾರ್ನಿನ ಪಕ್ಕ ಬಾಳಿದ ಮನುಷ್ಯ, ಕಿವಿ ಹೋಗಿದೆ. ಒಪ್ಪಿಕೊಳ್ಳಲು ಜಂಬ ಬಿಡುವುದಿಲ್ಲ, ಮೈಕಿನವರ ಮೇಲೆ ಹಾಕುತ್ತಿದ್ದಾರೆ. ಎಂಥ ಸೂಕ್ಷ್ಮ ಬುದ್ಧಿ ನನ್ನದು! ಚಾಮರಾಜನಗರದ ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದೆ. ಜಗಳವಾಡುತ್ತಾರೆ ಎಂದುಕೊಂಡರೆ, "ನಡೀಲಾ, ಓಗನ. ನಂಗೂ ಅಲ್ಲೊಂದು ಕೆಲ್ಸ ಅದೆ" ಎಂದು ಹೊರಟೇಬಿಟ್ಟರು.

ಬಸ್ಸು ತೆರಕಣಾಂಬಿ ದಾಟುವಾಗ, ಹಿಂದಿನ ಬಾಗಿಲಲ್ಲಿದ್ದ ಕಂಡಕ್ಟರ್ ಪೀಪಿ ಊದಿದ. ಮುಂದಿನ ಸೀಟಿನಲ್ಲಿದ್ದ ದೊಡ್ಡಪ್ಪ ತಿರುಗದೆಯೇ, "ಅವನ್ ಪೀಪಿ ಒಳ್ಗಡೆ ಗೋಲಿ ಸವೆದೋಗದೆ" ಎಂದರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ಡಾಕ್ಟರು ಚೀಟಿ ನೋಡಿ ನನ್ನನ್ನು ನೋಡಿದರು. "ಇವರನ್ನು ಯಾಕೆ ಕರ್ಕೊಂಡು ಬಂದ್ರಿ? ಈ ವಯಸ್ಸಿಗೆ ಇಂಥ ಕಿವಿ ನಾನು ನೋಡಿಲ್ಲ."

ನಾನು ಬಾಯಿ ತೆರೆಯುವ ಮೊದಲು ದೊಡ್ಡಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಸಾ, ಕೆಟ್ಟೋಗಿರೋ ಕಿವಿ ಮೆಷಿನ್ ಒಂದಿದ್ರೆ ನಂಗ್ ಕೊಡಿ. ನಮ್ಮನೆಯವ್ಳಿಗೆ ಒಂದು ಒಳ್ಳೇದು."

"ಕೆಟ್ಟಿದ್ದು ಯಾಕ್ರೀ?"

"ಅವ್ಳಿಗೆ ಮೂರ್ ವರ್ಷದಿಂದ ಸಣ್ಣ ಸೌಂಡು ಕೇಳ್ನಿಲ್ಲ ಸಾ. ಅವ್ಳಿಗೆ ಗೊತ್ತಿಲ್ಲ. ಭೀಮನಬೀಡಲ್ಲಿ ಅವಳಕ್ಕ ಒಬ್ರಿದ್ರು, ಕಿವಿ ಓಗಿತ್ತು. ಮನೆಯೋರೇ ಕಿವುಡಿ ಕಿವುಡಿ ಅಂತ ಆಡ್ಕಂಡು, ನಾಕ್ ಜನ ಸೇರ್ದಾಗ ಒಳಕ್ಕೆ ಕಳ್ಸೋರು. ಇವ್ಳು ಕಣ್ಣಾರೆ ನೋಡವ್ಳೆ. ಮೆಷಿನ್ ಹಾಕ್ಕೊ ಅಂದ್ರೆ ಅವತ್ತೇ ಮೂಲೆ ಸೇರ್ಬುಡ್ತಾಳೆ. ನಂಗೂ ಕಿವಿ ಓಗದೆ ಅಂದ್ರೆ, ಜೊತೇಲಿ ಹಾಕ್ಕೊತಾಳೆ."

ಡಾಕ್ಟರು ಮೇಜಿನ ಖಾನೆ ಎಳೆದು, ಸತ್ತುಹೋಗಿದ್ದ ಹಳೆಯ ಮೆಷಿನ್ ಒಂದನ್ನು ದೊಡ್ಡಪ್ಪನ ಕೈಗಿಟ್ಟರು. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ನೋಡುತ್ತ ಕೂತೆ. ವಾಲ್ಯೂಮ್ ಏರಿಸಿದ್ದು ಯಾರಿಗಾಗಿ, ಅದಕ್ಕೆ ನೆಪ ಬೇಕೆಂದು ಬೀದಿಯಲ್ಲಿ ನಿಂತು ನಗೆಪಾಟಲಾದವರು ಯಾರು, ಸೊಸೆಯರ ನಗು ಅಡಗಿಸಲು ಟಿವಿ ಬಿಚ್ಚಿದ್ದು ಯಾಕೆ ಎಂದು ಒಂದೊಂದಾಗಿ ತಿಳಿಯುತ್ತ ಹೋಯಿತು. ಮೂರು ವರ್ಷ ಈ ಮನುಷ್ಯನ ಕಥೆಗಳನ್ನು ಕಂಡಕಂಡವರಿಗೆ ಹೇಳಿ ನಗಿಸಿದ್ದೆ. ನಾಚಿಕೆಯಾಯಿತು.

ಮಾರನೆಯ ವಾರ ದೊಡ್ಡಮ್ಮ ತಾವಾಗಿಯೇ ಹೊರಟರು. "ಪಾಪ, ಅವ್ರೊಬ್ರೇ ಹಾಕ್ಕೊಂಡ್ರೆ ಬೇಜಾರು ಮಾಡ್ಕತಾರೆ. ನಂದೂ ಒಸಿ ನೋಡ್ಬುಡಿ" ಎಂದು ಡಾಕ್ಟರಿಗೆ ತಾವೇ ಹೇಳಿದರು.

ಮೈಕ್ ಸೆಟ್ಟಿನವನೇ ಕಿವುಡನಾದ ಎಂಬ ಸುದ್ದಿ ಬೀದಿ ತುಂಬಾ ಹಬ್ಬಿತು. ಎದುರು ಮನೆಯ ಮೇಷ್ಟರು, "ಅದಕ್ಕೇ ಏನಯ್ಯಾ ದೇಶದ ಪಿಟೀಲೆಲ್ಲ ಸತ್ತಿದ್ದು" ಎಂದು ಡೈರಿಯ ಮುಂದೆ ಹತ್ತು ಜನರೆದುರು ಕೇಳಿದರು. ಕಿವಿಯ ಬಗ್ಗೆ ಒಂದು ಮಾತು ಅಂದರೆ ಹೊಡೆದಾಟಕ್ಕೆ ನಿಲ್ಲುತ್ತಿದ್ದ ಮನುಷ್ಯ, "ಊಂ ಕಣ್ರಪ್ಪ, ವಯಸ್ಸಾಯ್ತು" ಎಂದು ನಕ್ಕರು. ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ. ನನ್ನ ಕಾಲು ತುಳಿದರು.

ಆ ಭಾನುವಾರ ಸಂಜೆ ಮತ್ತೆ ಯಾವುದೋ ಸಂಗೀತೋತ್ಸವ. ವಾಲ್ಯೂಮ್ ಎಲ್ಲರ ಮನೆಯ ಹಾಗೆ ಇತ್ತು. ಇಬ್ಬರೂ ಮೆಷಿನ್ ಹಾಕಿಕೊಂಡು ಅಕ್ಕಪಕ್ಕ ಕೂತಿದ್ದರು. ಪಿಟೀಲು ಶುರುವಾದದ್ದೇ ದೊಡ್ಡಮ್ಮ ಬೆಚ್ಚಿದಂತೆ ಮುಂದೆ ಬಾಗಿದರು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ.

"ಎಷ್ಟ್ ನಯವಾಗಿ ಬತ್ತಾ ಅದೆ ಕಣ್ರೀ. ನಿಮ್ಗೂ ಕೇಳ್ತಾ ಅದಾ?"

"ಕೇಳ್ತಾ ಅದೆ, ಕೇಳ್ತಾ ಅದೆ."

ಸುಳ್ಳೇನಲ್ಲ. ಅರ್ಧದಷ್ಟು ಕೇಳುತ್ತಿತ್ತು. ಗುಂಡ್ಲುಪೇಟೆಯ ಅತ್ಯುತ್ತಮ ಕಿವಿಗಳಲ್ಲೊಂದು ಆ ಸತ್ತ ಮೆಷಿನ್ನಿನಿಂದ ಬಿರಡೆ ಹಾಕಿದಂತೆ ಮುಚ್ಚಿತ್ತು. ಅದು ಟಿವಿಯ ಕಡೆಗಿದ್ದ ಕಿವಿ. ದೊಡ್ಡಮ್ಮ ಪಿಟೀಲಿನ ಜೊತೆ ಸಣ್ಣಗೆ ಗುನುಗತೊಡಗಿದ್ದರು, ಅವರ ಕಡೆಗಿದ್ದ ಕಿವಿಯನ್ನು ದೊಡ್ಡಪ್ಪ ತೆರೆದೇ ಇಟ್ಟುಕೊಂಡಿದ್ದರು.