ಬೇಕಿಂಗ್ ಪೌಡರ್ ಇಲ್ಲದ ಪ್ಯಾನ್‌ಕೇಕು

ನಮ್ಮ ಮನೆಯಲ್ಲಿ ಹೊಸ ತಿಂಡಿ ಮಾಡಲು ಹೊರಟ ದಿನವೇ ಯಾವುದಾದರೊಂದು ಸಾಮಾನು ಇರುವುದಿಲ್ಲ. ಪ್ಯಾನ್‌ಕೇಕಿನ ವಿಷಯದಲ್ಲಂತೂ ಆ ಸಾಮಾನು ಇವತ್ತಿಗೂ ಮನೆಯೊಳಗೆ ಕಾಲಿಟ್ಟಿಲ್ಲ. ನಾವಿರುವುದು ಮುಂಬಯಿಯ ಪರೇಲಿನ ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ. ಧಾರವಾಡ ಕಡೆಯ ಅತ್ತೆ, ಮಾವ, ಗಂಡ, ನಾನು, ಆರನೆಯ ಇಯತ್ತೆಯಲ್ಲಿರುವ ಮಗಳು.

೧. ಡಬ್ಬಿ

ಮಗಳಿಗೆ ಪ್ಯಾನ್‌ಕೇಕ್ ಬೇಕಂತೆ. ಆಫೀಸಿನಿಂದ ಹೊರಟಿದ್ದ ಗಂಡನಿಗೆ ಫೋನ್ ಮಾಡಿ, "ಬರ್ತಾ ಬೇಕಿಂಗ್ ಪೌಡರ್ ತಗೊಂಡ್ ಬರ್ರಿ" ಅಂದೆ. ಅವರು ಲೋಕಲ್ ರೈಲಿನಲ್ಲಿ ನಿಂತಿದ್ದರು. ಆ ಗದ್ದಲದಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಬಂದವರು ಟೇಬಲ್ ಮೇಲೆ ಒಂದು ದೊಡ್ಡ ಡಬ್ಬಿ ಇಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು. ನೋಡಿದರೆ ಬೇಬಿ ಪೌಡರ್! ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಂದು ನನ್ನ ಕೈ ಹಿಡಿದುಕೊಂಡರು.

"ಎಷ್ಟನೇ ತಿಂಗಳವಾ? ನನಗ ಒಂದ್ ಮಾತ್ ಹೇಳಬಾರ್ದಾ?"

೨. ಗ್ಯಾಸು

ಬೇಕಿಂಗ್ ಪೌಡರ್ ಇಲ್ಲದಿದ್ದರೆ ಮೊಟ್ಟೆಯ ಬಿಳಿ ಭಾಗವನ್ನು ನೊರೆ ಬರುವ ಹಾಗೆ ಕಡೆದು ಹಾಕಬಹುದು. ಆದರೆ ಅತ್ತೆಯ ಅಡುಗೆಮನೆಗೆ ಮೊಟ್ಟೆ ಬರುವಂತಿಲ್ಲ. "ಹೊಟ್ಟೆ ಉಬ್ಬರಕ್ಕೆ ಕುಡಿಯುವ ಪುಡಿ ಹಾಕಿ, ಅದೂ ಉಬ್ಬಿಸುತ್ತೆ" ಎಂದು ಆಫೀಸಿನ ಗೆಳತಿ ಹೇಳಿದಳು. ಮಾವನ ಔಷಧದ ಡಬ್ಬಿಯಲ್ಲಿ ಎರಡೇ ಎರಡು ಪೊಟ್ಟಣ ಇದ್ದವು. ಮೈದಾ, ಸಕ್ಕರೆ, ಹಾಲು ಕಲಸಿ ಎರಡನ್ನೂ ಸುರಿದೆ. ಹಿಟ್ಟು ಬುಸ್ಸೆಂದು ಎದ್ದಿತು. ಪ್ಯಾನ್‌ಕೇಕುಗಳು ಮೆತ್ತಗೆ, ದಪ್ಪಗೆ ಬಂದವು. ಎಲ್ಲರಿಗಿಂತ ಹೆಚ್ಚು ತಿಂದದ್ದು ಮಾವ. ಲೆಕ್ಕಕ್ಕೆ ಆರು.

ಮಧ್ಯಾಹ್ನ ಹೊಟ್ಟೆ ಸವರಿಕೊಳ್ಳುತ್ತ ಮನೆಯೆಲ್ಲ ಹುಡುಕಾಡಿದರು.

"ಯವ್ವಾ, ನನ್ನ ಗ್ಯಾಸಿನ ಪುಡಿ ಎಲ್ಲೈತಿ?"

"ಅದು ಆಗ್ಲೇ ನಿಮ್ಮ ಹೊಟ್ಟ್ಯಾಗ ಐತ್ರಿ, ಮಾವಾರ."

೩. ಹೆಸರು

ಮಗಳು ಶಾಲೆಯಲ್ಲಿ, "ನಮ್ಮ ಮನೆಯಲ್ಲಿ ಪ್ರತಿ ಸಂಡೇ ಪ್ಯಾನ್‌ಕೇಕ್" ಎಂದು ಜಂಬ ಕೊಚ್ಚಿದ್ದಳು. ಬಾಂದ್ರಾದ ಗೆಳತಿಯೊಬ್ಬಳು ಅದನ್ನು ನಂಬಿ, ಭಾನುವಾರ ತಾಯಿಯನ್ನು ಕರೆದುಕೊಂಡು ಬಂದೇಬಿಟ್ಟಳು. ಮನೆಯಲ್ಲಿ ಯಾವ ಪುಡಿಯೂ ಇರಲಿಲ್ಲ. ಮಗಳು ಅಳುವುದೊಂದು ಬಾಕಿ.

ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದರು. ಬೆಲ್ಲ ಕರಗಿಸಿದ ನೀರಿಗೆ ಗೋಧಿಹಿಟ್ಟು, ಏಲಕ್ಕಿ ಹಾಕಿ ಕಲಸಿ, ಹಂಚಿನ ಮೇಲೆ ತುಪ್ಪ ಬಿಟ್ಟು ದೋಸೆ ಹುಯ್ದರು. ಆ ತಾಯಿ ಕಣ್ಣು ಮುಚ್ಚಿಕೊಂಡು ನಾಲ್ಕು ತಿಂದರು. ಕೈ ಒರೆಸಿಕೊಂಡು ಅತ್ತೆಯನ್ನೇ ಅದರ ಹೆಸರು ಕೇಳಿದರು: "ಆಂಟೀ, ಇಸ್ಕಾ ನಾಮ್ ಕ್ಯಾ ಹೈ?"

ಅತ್ತೆಗೆ ಹಿಂದಿ ತಿಳಿಯದು. ಮೇಲಾಗಿ ಅದೇ ಹೊತ್ತಿಗೆ ಮಗಳು ಅವರ ಸೆರಗು ಜಗ್ಗುತ್ತ, "ಅಜ್ಜೀ, ಇದು ಪ್ಯಾನ್‌ಕೇಕ್ ನಹೀ ಹೈ ನಾ!" ಎಂದು ಗೊಣಗುತ್ತಿದ್ದಳು. ಅತ್ತೆ ಅವಳತ್ತ ತಿರುಗಿ ಗದರಿದರು:

"ಸುಮ್ನ ತಿನ್ನು!"

"ವಾಹ್, ಸುಮ್ನ ತಿನ್ನು!" ಎನ್ನುತ್ತ ಆ ತಾಯಿ ಫೋನಿನಲ್ಲಿ ಬರೆದುಕೊಂಡರು, ಮಾಡುವ ಬಗೆಯನ್ನೂ ನನ್ನಿಂದ ಕೇಳಿಕೊಂಡರು. ಗೆಳತಿ ಇನ್ನೊಂದು ಬೇಕೆಂದು ತಟ್ಟೆ ಚಾಚಿದಳು. ಮಗಳ ಮುಖ ಆಗ ಅರಳಿತು. ಅದನ್ನು ನೋಡಿ ನಾನೂ ತಿದ್ದಲು ಹೋಗಲಿಲ್ಲ.

ತಿಂಗಳ ನಂತರ ಶಾಲೆಯಲ್ಲಿ ತಿಂಡಿ ಮೇಳ. ಅತಿ ಉದ್ದದ ಲೈನು ಆ ತಾಯಿಯ ಟೇಬಲ್ ಮುಂದೆ. ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಬೋರ್ಡು: "ಕರ್ನಾಟಕದ ಪ್ಯಾನ್‌ಕೇಕ್ — ಸುಮ್ನ ತಿನ್ನು. ಬೇಕಿಂಗ್ ಪೌಡರ್ ಇಲ್ಲ, ಮೊಟ್ಟೆ ಇಲ್ಲ."

ನನ್ನ ಮುಂದೆ ನಮ್ಮ ಕಡೆಯ ಗಂಡ ಹೆಂಡತಿ ನಿಂತಿದ್ದರು. ತಟ್ಟೆ ಕೈಗೆ ಬಂದದ್ದೇ ತಡ, ಗಂಡ ಶುರು ಮಾಡಿದರು: "ಏ, ಇದು ನಮ್ಮ ಬೆಲ್ಲದ ದ್ವಾಸಿ! ಇದಕ್ಕ ಅರ್ಧ ತಾಸು ನಿಂದರ್ಸಿದೇನು? ಮನ್ಯಾಗ ಮಾಡಾಕ ಬರ್ತಿರಲಿಲ್ಲೇನು?"

ಹೆಂಡತಿ ಬೋರ್ಡಿನ ಕಡೆ ಬೆರಳು ತೋರಿಸಿದರು, ಅಷ್ಟೇ. ಗಂಡ ಓದಿದರು. ಆಮೇಲೆ ತಟ್ಟೆ ಖಾಲಿಯಾಗುವವರೆಗೂ ತುಟಿ ಬಿಚ್ಚಲಿಲ್ಲ.