ಮಂಡಿಯಲ್ಲಿ ಇಬ್ಬರು ಮಂಜು

ಶಿರಾದಲ್ಲಿ ಕಡ್ಲೇಕಾಯಿ ಮಂಡಿ ಇಟ್ಟುಕೊಂಡವನು ಯಾವುದಕ್ಕೂ ಗಾಬರಿ ಬೀಳಬಾರದು. ಬಿದ್ದರೆ ಎದುರಿನವನು ಅವನ ಮುಖ ನೋಡಿಯೇ ದರ ಕಟ್ಟುತ್ತಾನೆ. ಮುಖ ಬಿಗಿಹಿಡಿಯುವುದನ್ನು ಕಲಿಯುವುದರಲ್ಲೇ ನನ್ನ ತಲೆ ಬೆಳ್ಳಗಾಯಿತು. ಆದರೂ ನಮ್ಮ ಮನೆಯವರು ಆಗಾಗ ನಾನು ಬಾಯಿಬಿಟ್ಟು ನಿಲ್ಲುವಂತೆ ಮಾಡುತ್ತಲೇ ಇರುತ್ತಾರೆ. ಈ ಬೇಸಿಗೆಯಲ್ಲಂತೂ ಬಿಟ್ಟ ಬಾಯಿ ಮುಚ್ಚಲು ಪುರುಸೊತ್ತೇ ಸಿಗಲಿಲ್ಲ.

ಹೆರಿಗೆಗೆ ಬಂದವರು

ಮಗಳು ಚೊಚ್ಚಲ ಹೆರಿಗೆಗೆಂದು ಊಟಿ ಕಡೆಯಿಂದ ತವರಿಗೆ ಬಂದಳು. ಸಾಮಾನು ಇಳಿಸೋಣವೆಂದು ಕಾರಿನ ಹಿಂದಿನ ಬಾಗಿಲು ತೆಗೆದೆ. ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಕರಡಿಮರಿಯಂಥ ನಾಯಿ ಕೂತಿತ್ತು. ಕತ್ತು, ಬೆನ್ನು, ಬಾಲ ಎಲ್ಲ ಕೂದಲೋ ಕೂದಲು. ಕಣ್ಣು ಮಾತ್ರ ನೀಲಿ.

“ಇದೇನಮ್ಮಾ ಇದು?”

“ಇವ್ನು ಮಂಜು ಅಪ್ಪಾ. ಹಿಮದ ದೇಶದ ತಳಿ.”

“ಹಿಮದ ದೇಶದ್ದನ್ನ ಬೇಸಿಗೇಲಿ ಶಿರಾಕ್ಕೆ ಕರ್ಕೊಂಡು ಬಂದ್ಯಾ?”

“ನಿಮ್ಮಳಿಯ ದಿನವೆಲ್ಲಾ ಟೀ ತೋಟದಲ್ಲಿರ್ತಾರೆ, ಅಲ್ಲಿ ನೋಡ್ಕೊಳ್ಳೋರು ಯಾರು? ಇವನಿಗೇನಾದ್ರೂ ಆದ್ರೆ ನಾನು ಈ ಊರಲ್ಲಿ ಹೆರಲ್ಲ, ಈಗ್ಲೇ ಹೇಳ್ಬುಟ್ಟಿದೀನಿ.”

ಅಷ್ಟರಲ್ಲಿ ನಾಯಿ ಕೆಳಗೆ ಹಾರಿ, ಮನೆ ಮುಂದಿನ ಮಂಡಿಗೆ ನುಗ್ಗಿತು. ಒಬ್ಬ ಹಮಾಲಿ ಮೂಟೆಗಳ ತುದಿಗೆ ಹತ್ತಿ, “ಬುಕ್ಕಾಪಟ್ಟಣದ ಕಾಡಿಂದ ತೋಳ ಬಂದ್ಬುಟ್ಟೈತೆ ಕಣ್ರಪ್ಪೋ!” ಎಂದು ಅರಚಿದ. ತೋಳ ಬಾಲ ಅಲ್ಲಾಡಿಸುತ್ತ ಹೋಗಿ, ಫ್ಯಾನಿನ ಕೆಳಗಿದ್ದ ನನ್ನ ಗಾದಿಯ ಮೇಲೆ ಅಡ್ಡಾಯಿತು. ನಮ್ಮಪ್ಪ ಹೋದ ಮೇಲೆ ಆ ಜಾಗದಲ್ಲಿ ನನ್ನನ್ನು ಬಿಟ್ಟು ಕೂತ ಮೊದಲ ಪ್ರಾಣಿ ಅದು.

ಕುರಿ ಕತ್ತರಿ

ಮಾರನೇ ದಿನ ನಾಯಿ ಏದುಸಿರು ಬಿಡತೊಡಗಿತು. ಇದಕ್ಕೆ ಡಾಕ್ಟರ್ ಯಾಕೆ, ಕೂದಲು ಜಾಸ್ತಿಯಾದರೆ ಕತ್ತರಿಸಿದರಾಯಿತು ಎಂದುಕೊಂಡು, ಉಣ್ಣೆ ಕತ್ತರಿಸುವ ಪರಿಚಯದ ಕುರಿಗಾಹಿಗೆ ಹೇಳಿಕಳಿಸಿದೆ. ಅವನು ಉರಿಬಿಸಿಲಲ್ಲಿ ಕಂಬಳಿ ಹೊದ್ದು ಬಂದ. ಬಂದವನೇ ಕುರಿ ಕೆಡವುವಂತೆ ಕೆಡವಿ ಕಾಲು ಕಟ್ಟಲು ಕೈ ಹಾಕಿದ. ಹೊಟ್ಟೆ ಕೆರೆಯುತ್ತಾನೆಂದು ನಾಯಿ ತಾನೇ ಅಂಗಾತ ಮಲಗಿತು.

“ಭಾಳ ಸಾಧು ಕುರಿ ಕಣ್ರೀ ಸಾಹುಕಾರ್ರೇ,” ಎಂದು ಕತ್ತರಿ ಎತ್ತಿದ.

ಮಗಳು ಹೊಟ್ಟೆ ಹಿಡಿದುಕೊಂಡೇ ಓಡಿಬಂದಳು. “ಅಪ್ಪಾ, ಕತ್ತರಿ ಮುಟ್ಟಿಸ್ಬೇಡಿ! ಮೇಲಿನ ಕೂದ್ಲೇ ಅವನಿಗೆ ನೆರಳು. ಬೋಳಿಸಿದ್ರೆ ಬಿಸಿಲು ಸೀದಾ ಚರ್ಮಕ್ಕೆ ಹೊಡೆಯುತ್ತೆ. ಒಳಗೆ ಉದುರಿರೋ ಕೂದ್ಲು ಬಾಚಿ ತೆಗೆದ್ರೆ ಸಾಕು.”

ನಗೋಣ ಎಂದುಕೊಂಡೆ. ಬಿಸಿಲಿಗೆಂದೇ ಕಂಬಳಿ ಹೊದ್ದವನು ಎದುರಿಗೇ ಇದ್ದ. ಬಾಚಣಿಗೆ ತರಿಸಿದೆ.

ಬಾಚಿದೆವು. ಬಾಚಿದಷ್ಟೂ ಬಂತು. ಕೊನೆಗೆ ನಾಯಿಯ ಪಕ್ಕದಲ್ಲಿ ಇನ್ನೊಂದು ನಾಯಿಯಷ್ಟು ರಾಶಿ! ಕುರಿಗಾಹಿ ಒಂದು ಹಿಡಿ ತೆಗೆದು ಹಿಸುಕಿ, ಮೂಸಿ, ಹೇಳಿದ: “ಉಣ್ಣೆ ಒಂದನೇ ನಂಬರ್ ಐತೆ. ಇಂಥವು ಒಂದು ಹಿಂಡು ತರ್ಸಿ. ಮೇಯ್ಸೋ ಜವಾಬ್ದಾರಿ ನಂದು.”

“ಇವು ಹುಲ್ಲು ಮೇಯಲ್ಲ ಕಣಯ್ಯಾ. ಬಾಡು ತಿಂತವೆ.”

ಅವನು ನಾಯಿಯ ಬಾಯಿ ನೋಡಿದ, ತನ್ನ ಕುರಿಗಳು ನಿಂತಿದ್ದ ಬೀದಿ ಕಡೆ ನೋಡಿದ, ಕಂಬಳಿ ಎಳೆದುಕೊಂಡು ಹೊರಟೇಹೋದ. ನನ್ನ ಮಂಡಿಯಿಂದ ಕೂಲಿ ಕೇಳದೆ ಹೋದವನು ಅವನೊಬ್ಬನೇ.

ಒಂದು ಬಕೆಟ್ ನೀರು

ಅಲ್ಲಿಂದ ಮನೆಯಲ್ಲಿ ಎರಡು ಕಾರ್ಖಾನೆ ನಡೆದವು. ಒಳಗೆ ನನ್ನ ಹೆಂಡತಿ ಬಾಣಂತಿ ಕೋಣೆಯ ಸಂದುಗಳಿಗೆಲ್ಲ ಬಟ್ಟೆ ತುರುಕಿ, ಗಾಳಿ ಬರದಂತೆ ಮಾಡಿ, ತಲೆಗೆ ಕಟ್ಟುವ ಉಲ್ಲನ್ ಸ್ಕಾರ್ಫ್ ತೆಗೆದಿಟ್ಟಳು. ಹೊರಗೆ ನಾನು ನಾಯಿಗೆ ಕೂಲರ್ ಇಟ್ಟು, ಒದ್ದೆ ಗೋಣಿ ಹಾಸಿದೆ. “ಹೆತ್ತ ಮಗಳಿಗೆ ಶೆಖೆ, ನಾಯಿಗೆ ಊಟಿ,” ಎಂದು ಮಗಳೇ ಗೊಣಗಿದಳು.

ಇಲ್ಲೊಂದು ತೊಡಕು. ನಮ್ಮ ಮಂಡಿಯಲ್ಲಿ ತೂಕ ಹಾಕುವವನೂ ಮಂಜು. ಕೊರಟಗೆರೆ ಕಡೆಯವನು, ಪಾವಗಡದ ಅಳಿಯ. ಅವನ ಅತ್ತೆ ಮದುವೆಯ ದಿನ ಶುರು ಮಾಡಿದ ಬೈಗುಳವನ್ನು ಇನ್ನೂ ಮುಗಿಸಿಲ್ಲ. ಅವನ ಹೆಂಡತಿ ಮಕ್ಕಳು ಬೇಸಿಗೆ ರಜಕ್ಕೆ ಪಾವಗಡಕ್ಕೇ ಹೋಗಿದ್ದರು.

ಒಂದು ಮಧ್ಯಾಹ್ನ ಒಳಗಿನಿಂದಲೇ ಹಮಾಲಿಗೆ ಕೂಗಿದೆ: “ಲೇ, ಮಂಜುಗೆ ಶೆಖೆ ಜಾಸ್ತಿಯಾಗೈತೆ, ಒಂದು ಬಕೆಟ್ ನೀರು ಹಾಕ್ಲಾ! ಹೊಟ್ಟೆ, ಪಾದ ಎಲ್ಲಾ ನೆನೀಬೇಕು!”

ದಬಾರ್ ಎಂದು ಸದ್ದಾಯಿತು. ಹೊರಗೆ ಬಂದು ನೋಡಿದರೆ, ತಕ್ಕಡಿ ಮುಂದೆ ತೂಕದ ಮಂಜು ತೊಪ್ಪೆಯಾಗಿ ನಿಂತಿದ್ದಾನೆ.

“ಯಾಕ್ಲಾ ಸುರಿದೆ?” ಎಂದು ಹಮಾಲಿಯ ಮೇಲೆ ರೇಗುತ್ತಿದ್ದಾನೆ.

“ಸಾಹುಕಾರ್ರು ಹೇಳವ್ರೆ ಕಣ್ಲಾ. ಅಂಗಿ ಎತ್ತು, ಹೊಟ್ಟೆ ಇನ್ನೂ ನೆಂದಿಲ್ಲ.”

ಐಸ್ ಗಡ್ಡೆ

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಹೆರಿಗೆಯ ದಿನ ಆಯಿತು. ಆ ದಿನ ಬೆಳಗ್ಗೆಯಿಂದ ಕರೆಂಟಿಲ್ಲ. ಮಗಳಿಗೆ ಸಣ್ಣಗೆ ನೋವು ಕಾಣಿಸಿತು. ಹೆಂಡತಿ ಬ್ಯಾಗು ಹಿಡಿದು ಕಾರಿನ ಹತ್ತಿರ ಹೋದಳು. ಅದೇ ಹೊತ್ತಿಗೆ ನಾಯಿ ಅಂಗಳದಲ್ಲಿ ಧೊಪ್ಪನೆ ಬಿತ್ತು. ನಾಲಿಗೆ ಹೊರಗೆ, ಕಣ್ಣು ಮೇಲೆ.

“ಮಂಜು ಎದ್ದು ನಿಲ್ಲೋವರೆಗೂ ನಾನು ಕಾರು ಹತ್ತಲ್ಲ!” ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

ಮಧುಗಿರಿಯ ದನದ ಡಾಕ್ಟರಿಗೆ ಫೋನು ಮಾಡಿದೆ. “ನೆರಳಿಗೆ ಹಾಕಿ, ಹೊಟ್ಟೆ ಪಾದ ತಣ್ಣೀರಲ್ಲಿ ನೆನೆಸಿ, ಗಾಳಿ ಬೀಸಿ. ಐಸ್ ಹತ್ತಿರ ಇಡಿ, ಮೈಗೆ ತಾಗಿಸ್ಬೇಡಿ,” ಎಂದರು. ತಕ್ಷಣ ನಮ್ಮೂರಿನ ಐಸ್ ಅಂಗಡಿ ಸಾಹೇಬರಿಗೆ ಮಾಡಿದೆ.

“ಸಾಹೇಬ್ರೇ, ನಮ್ಮ ಮಂಜು ಬಿದ್ದೋದ. ದೊಡ್ಡ ಐಸ್ ಗಡ್ಡೆ ಬೇಗ ಕಳ್ಸಿ.”

“ಯಾ ಅಲ್ಲಾ! ನಿನ್ನೆ ಚೆನ್ನಾಗಿದ್ನಲ್ಲ! ಹೆಂಗಾಯ್ತು?”

“ಬಿಸ್ಲು ಸಾಹೇಬ್ರೇ, ಬಿಸ್ಲು.”

“ಛೇ ಛೇ. ಎಷ್ಟೊತ್ತು ಇಡ್ತೀರಿ?”

“ಸಂಜೆವರೆಗಂತೂ ಇಡ್ಲೇಬೇಕು.”

“ಅವ್ನ ಕಡೆಯವ್ರು ಬರೋವರೆಗೆ. ಸಮಜ್ ಗಯಾ, ಅರ್ಥ ಆಯ್ತು. ನಾನೇ ತಿಳಿಸ್ತೀನಿ, ನೀವು ಧೈರ್ಯವಾಗಿರಿ.”

ನಾಯಿಗೆ ಯಾವ ಕಡೆಯವರು ಎಂದು ಯೋಚಿಸಲು ಆಗ ಪುರುಸೊತ್ತೆಲ್ಲಿ? ಐಸ್ ಬಂತು. ತೂಕದ ಮಂಜು ನಾಯಿಯ ಪಾದ ನೆನೆಸಿ, ಗೋಣಿ ಬೀಸಿ ಬೀಸಿ ಬೆವರಿಳಿಸಿದ. ಕೊನೆಗೂ ನಾಯಿ ಕಣ್ಣು ಬಿಟ್ಟಿತು, ಬೋಗುಣಿ ನೀರು ನೆಕ್ಕಿತು, ಎದ್ದು ಮೈ ಕೊಡವಿ ನನ್ನನ್ನೂ ನೆನೆಸಿತು. ಮಗಳು ಕಾರು ಹತ್ತಿದಳು. ಸಂಜೆಗೆ ಹೆಂಡತಿಯ ಫೋನು ಬಂತು: “ಹೆಣ್ಣುಮಗು. ಇಬ್ರೂ ಚೆನ್ನಾಗವ್ರೆ. ಮಂಜು ಹೆಂಗವ್ನೆ ಅಂತ ಕೇಳ್ತಾವ್ಳೆ.”

ಉಸಿರು ಬಿಟ್ಟು ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಮಂಡಿ ಮುಂದೆ ಜೀಪು ನಿಂತಿತು. ಹಾರ ಹಿಡಿದುಕೊಂಡು, ಎದೆ ಬಡಿದುಕೊಂಡು ಪಾವಗಡದ ಮಂದಿ ಇಳಿದರು. ತೂಕದ ಮಂಜು ದಣಿದು, ಉಳಿದ ಐಸಿನ ಪಕ್ಕದಲ್ಲೇ ಒದ್ದೆ ಗೋಣಿಯ ಮೇಲೆ, ಮುಖಕ್ಕೆ ಟವಲ್ ಮುಚ್ಚಿಕೊಂಡು ಮಲಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನ ಅತ್ತೆ ಅವನ ಕಾಲಮೇಲೆ ಬಿದ್ದು, ಅರೆ ತೆಲುಗಿನಲ್ಲಿ ಗೋಳಾಡಿದಳು.

“ಅಯ್ಯೋ ಅಲ್ಲುಡಾ! ಬಂಗಾರಂ ಲಾಂಟಿ, ಬಂಗಾರದಂಥ ಮನುಷ್ಯನಪ್ಪಾ! ನಿನ್ನಂಥ ಅಳಿಯ ಎಕ್ಕಡಾ, ಎಲ್ಲೂ ಸಿಕ್ಕಲ್ಲಪ್ಪಾ!”

ಅವನ ಹೆಂಡತಿಯೂ ಗೋಳೋ ಎಂದಳು. ಅದನ್ನು ಕೇಳಿ ನಾಯಿ ಮೂತಿ ಮೇಲೆತ್ತಿ ಊಳಿಟ್ಟಿತು. ಬೀದಿಯೆಲ್ಲ ಬಂದು ಸೇರಿತು. ನಾನು ನುಗ್ಗಿ ಟವಲಿನ ತುದಿ ಎತ್ತಿದೆ. ಮಂಜು ಕಣ್ಣು ಬಿಟ್ಟುಕೊಂಡೇ ಇದ್ದ!

“ಏಳೋ ಮುಠ್ಠಾಳ! ಬದುಕಿದೀನಿ ಅಂತ ಹೇಳೋ!”

“ಒಸಿ ಟವಲ್ ಮುಚ್ಚಿ ಸಾಹುಕಾರ್ರೇ,” ಎಂದು ಪಿಸುಗುಟ್ಟಿದ. “ಮದ್ವೆಯಾದಾಗಿಂದ ನಮ್ಮತ್ತೆ ಒಂದು ಒಳ್ಳೆ ಮಾತಾಡಿಲ್ಲ. ಪೂರ್ತಿ ಕೇಳ್ಕೊಂಡು ಎದ್ದೇಳ್ತೀನಿ.”