ಬಾಯಿ ಬಿಡದ ಯೀಯೀ

ಅಣಕು ಮಾಡುವ ಚಟವಿದ್ದವನಿಗೆ ಗೌರವದ ಕೆಲಸ ಸಿಗಬಾರದು. ನನಗೆ ಸಿಕ್ಕಿಬಿಟ್ಟಿದೆ. ಮೈಸೂರಿನಲ್ಲಿ ಮೇಷ್ಟ್ರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮಿ ತರಗತಿಯಿಂದ ಹೊರಬೀಳುತ್ತಿದ್ದವನು, ಈಗ ಮಲೇಷ್ಯಾದ ಮಾಂಟ್ ಕಿಯಾರಾದ ಒಂದು ಚಿಕಿತ್ಸಾಲಯದಲ್ಲಿ ಮಾತು ತಡವಾದ ಮಕ್ಕಳನ್ನು ಮಾತಾಡಿಸುತ್ತೇನೆ. ಹಸು, ಕಾಗೆ, ಕುಕ್ಕರಿನ ಸೀಟಿ, ಮಮಕ್ ಎನ್ನುವ ಇಲ್ಲಿನ ಚಹಾದಂಗಡಿಯಲ್ಲಿ ಟೀ ಎತ್ತಿ ಹೊಯ್ಯುವವನ ಕೂಗು, ಇಷ್ಟರಲ್ಲಿ ಒಂದಕ್ಕಾದರೂ ಮಗು ಬಾಯಿ ಬಿಡುತ್ತದೆ.

ವಾರಗಟ್ಟಲೆ ಬಂದರೂ ಯೀಯೀ ಬಿಡಲಿಲ್ಲ. ಚೀನಾದಿಂದ ಬಂದ ಚೆನ್ ಎಂಬ ಇಂಜಿನಿಯರರ ನಾಲ್ಕು ವರ್ಷದ ಮಗಳು ಅವಳು. ಶಾಲೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂದಿದ್ದ ಶಾಲೆಯವರು, ಅದರಿಂದ ಮನೆಯಲ್ಲೂ ಅವಳ ಮಾತು ನಿಂತ ಮೇಲೆ, ಮಾತೇ ಬಾರದ ಮಕ್ಕಳ ತರಗತಿಗೆ ಹಾಕುತ್ತೇವೆ ಎಂದಿದ್ದರು. ಇವತ್ತು ನಾನು ಏನು ಹೇಳುತ್ತೇನೋ ಅದೇ ಕೊನೆಯ ತೀರ್ಮಾನ. ನಾನು ಹಸುವಾಗಿ, ಬಸ್ಸಾಗಿ, ಕುಕ್ಕರಾಗಿ ಬೆವೆತೆ. ಅವಳು ನನ್ನನ್ನೇ ನೋಡುತ್ತಾ ಕೂತಳು. ಚೆನ್ ಅವಳ ಭುಜ ಒತ್ತಿದರು. "ಸೇ ಆ್ಯಪಲ್. ಯೀಯೀ, ಪ್ಲೀಸ್, ಸೇ." ನಾನು ಕುಕ್ಕರಿನ ಸೀಟಿಯನ್ನು ಅರ್ಧಕ್ಕೇ ನಿಲ್ಲಿಸಿದೆ.

ಅಷ್ಟರಲ್ಲಿ ಅವರ ಫೋನ್ ಗುರ್ರೆಂದಿತು. ಕತ್ತರಿಸಿದರು. ಮತ್ತೆ ಗುರ್ರೆಂದಿತು.

"ಯಾರು ಸಾರ್?"

"ಮೈ ಮದರ್. ನೋ ಇಂಗ್ಲಿಷ್. ಸೋ... ನೋ ಟಾಕಿಂಗ್."

ಅಂದರೆ ಅಜ್ಜಿಗೇ ನಿಷೇಧ! ನಗುವಂತಿಲ್ಲ, ನಮ್ಮವರೂ ಕಮ್ಮಿಯಿಲ್ಲ. ನಮ್ಮಕ್ಕ ಇದೇ ಊರಿನಲ್ಲಿ ಮಗನ ಹಿಂದೆ "ಕಮ್ ಪುಟ್ಟಾ, ರೈಸ್ ತಿನ್ನು, ಕ್ವಿಕ್ ಕ್ವಿಕ್" ಎಂದು ಓಡುತ್ತಾಳೆ. ಅವನು "ನೋ" ಅಂದರೆ, ಇಂಗ್ಲಿಷ್ ಬಂತೆಂದು ಊರಿಗೆಲ್ಲ ಫೋನು.

"ಎತ್ತಿ ಸಾರ್," ಎಂದೆ.

"ಶಿ ವಿಲ್ ಗೆಟ್ ಕನ್ಫ್ಯೂಸ್ಡ್. ಸ್ಕೂಲ್ ಸೆಡ್..."

"ನಾನು ಹೇಳ್ತಿದ್ದೀನಿ. ಎತ್ತಿ." ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಯಾರದೂ ಅಣಕು ಅಲ್ಲದ್ದರಿಂದ ಇರಬೇಕು.

ತೆರೆಯ ಮೇಲೆ ಒಂದು ಸುಕ್ಕುಮುಖ ಮೂಡಿತು. ಯೀಯೀ ಫೋನ್ ಕಸಿದುಕೊಂಡಳು. ಆಮೇಲೆ ಅಣೆಕಟ್ಟೆ ಒಡೆದಂತೆ ಚೀನೀ ಮಾತು! ಪ್ರಶ್ನೆ, ದೂರು, ಗುಟ್ಟು, ನಡುವೆ ನನ್ನ ಕಡೆ ಬೆರಳು. ಚೆನ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಮಗಳ ದನಿ ಕೇಳಿ ಎಷ್ಟು ದಿನವಾಗಿತ್ತೋ.

ಬಾಗಿಲಲ್ಲಿ ನಿಂತ ನಮ್ಮ ರಿಸೆಪ್ಷನಿಸ್ಟ್ ಮೇ ಲಿಂಗ್‌ಗೆ ಆ ಭಾಷೆ ಬರುತ್ತದೆ; ಅವಳ ಇಂಗ್ಲಿಷಿಗೆ ಮಾತ್ರ ಇಲ್ಲಿನವರ 'ಲಾ' ಎಂಬ ಬಾಲ ಇದ್ದೇ ಇರುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಏನಂತೆ?" ಎಂದೆ.

"ಅಯ್ಯೋ, ಡೋಂಟ್ ಆಸ್ಕ್ ಲಾ! ಶಿ ಸೇಸ್, ದಿಸ್ ಅಂಕಲ್ ಕೆನಾಟ್ ಟಾಕ್. ಓನ್ಲಿ ಕೌ, ಓನ್ಲಿ ಬಸ್. ಡ್ಯಾಡಿ ಬ್ರಿಂಗ್ಸ್ ಮಿ ಹಿಯರ್ ಟು ಹೆಲ್ಪ್ ಹಿಮ್, ಬಟ್ ನೋ ಇಂಪ್ರೂವ್‌ಮೆಂಟ್ ಲಾ!"

ಚೆನ್ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮಾತು ಸೊಗಸಾಗಿದೆ, ಬೇರೆ ತರಗತಿ ಬೇಡ, ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ ಎಂದೆ. ಅಷ್ಟರಲ್ಲಿ ತೆರೆಯೊಳಗಿನ ಅಜ್ಜಿ ಮುಂದಕ್ಕೆ ಬಾಗಿ, ಬಾಯಿ ಅಗಲಿಸಿ, ನನಗೇ ಒಂದು ಪದವನ್ನು ನಿಧಾನವಾಗಿ, ಜೋರಾಗಿ ಹೇಳಿಕೊಟ್ಟರು. ನಾನು ಅನುಕರಿಸಿದೆ. ಅಜ್ಜಿ ಅಲ್ಲವೆಂದು ತಲೆಯಾಡಿಸಿ ಮತ್ತೆ ಹೇಳಿದರು. ನಾನು ಮತ್ತೆ ತಪ್ಪಿದೆ. ಯೀಯೀ ನನ್ನ ಮೊಣಕೈ ಸವರಿ, ತಂದೆಗೆ ಏನೋ ಪಿಸುಗುಟ್ಟಿದಳು. ಚೆನ್ ನಗುತ್ತಾ ಅದನ್ನು ನನಗೆ ಹೇಳಿದರು.

ಮುಂದಿನ ವಾರ ಇವನನ್ನು ನೋಡಲು ಮತ್ತೆ ಬರೋಣವಂತೆ.